ಗಡಿಯಾರದ ಬಾಯಿಗೆ ಗೋಣಿತಾಟು

ಮಹಾರಾಜರು ಶಿಕಾರಿಗೆ ಹೋಗಿದ್ದರು. ಅರಮನೆಯಲ್ಲಿ ಅವರ ಭಾವಮೈದುನ ಲಿಂಗರಾಜೇ ಅರಸರದೇ ದರ್ಬಾರು. ಅವರು ಅರಮನೆಗೆ ಬಂದ ಮಾರನೆಯ ದಿನವೇ, ಅಂಗಳದ ಗಡಿಯಾರ ಗೋಪುರಕ್ಕೆ ಕೀಲಿ ಕೊಡುವ ಸಿಂಗ್ರಯ್ಯನಿಗೆ ಬುಲಾವ್ ಹೋಯಿತು.

"ಬೆಳಗ್ಗೆ ಆರಕ್ಕೇ ನಿನ್ನ ಗಂಟೆ ಬಡಕೊಂಡು ನನ್ನ ನಿದ್ದೆ ಹಾಳಾಯ್ತು. ಇನ್ಮೇಲೆ ನಾನು ಎದ್ದ ಮೇಲೇ ಅದು ಬಾರಿಸಬೇಕು. ಇಲ್ದಿದ್ರೆ ನೀನು ಗಂಟುಮೂಟೆ ಕಟ್ಟು!"

ಸಿಂಗ್ರಯ್ಯ ಕೈಮುಗಿದು, "ಅಪ್ಪಣೆ ಬುದ್ಧಿ," ಅಂದ.

ಗಂಟೆಯ ಸುತ್ತಿಗೆಗೆ ಗೋಣಿತಾಟು ಸುತ್ತಿ, ನೇರ ಅಡಿಗೆಮನೆಗೆ ಬಂದ. ಬಾಣಸಿಗನಿಗೆ ಹೇಳಿದ: "ಆರರ ಗಂಟೆ ಕೇಳಿದ ಮೇಲೇ ಒಲೆ ಹಚ್ಚಬೇಕು ಅಂತ ಹಿಂದಿನ ಮಹಾರಾಜರ ಕಟ್ಟಳೆ ಇದೆಯಲ್ಲ, ನಾಳೆ ಅದನ್ನ ಮೀರಬೇಡಪ್ಪ."

ಮರುದಿನ ಬಿಸಿಲೇರಿದ ಮೇಲೆ ಲಿಂಗರಾಜೇ ಅರಸರು ಎದ್ದು ಕಾಫಿ ಕೇಳಿದರು. ಕಾಫಿ ಇಲ್ಲ. ಮುಖಕ್ಕೆ ಬಿಸಿನೀರೂ ಇಲ್ಲ. ಬಾಣಸಿಗ ತಣ್ಣನೆಯ ಒಲೆಯ ಮುಂದೆ ಕೂತಿದ್ದ. "ಇನ್ನೂ ಗಂಟೆ ಬಾರಿಸಿಲ್ಲ ಬುದ್ಧಿ!"

ಅರಸರು ರಾತ್ರಿಯ ಉಡುಪಿನಲ್ಲೇ ಗೋಪುರದ ಕೆಳಗೆ ಓಡಿಬಂದರು. "ಬಾರಿಸೋ!"

ಸಿಂಗ್ರಯ್ಯ ಮೇಲಿನ ಕಿಂಡಿಯಿಂದ ಇಣುಕಿದ. "ಬುದ್ಧಿಯವರು ಪೂರ್ತಿ ಎದ್ದಿದ್ದೀರಾ? ಇಲ್ಲಾ, ಇನ್ನೊಂದು ಸುತ್ತು ಮಲಗ್ತೀರಾ?"

"ಎದ್ದಿದ್ದೀನಿ ಮಾರಾಯ! ಮೊದಲು ಬಾರಿಸು!"

ತಾಟು ಬಿಚ್ಚಿ ಸಿಂಗ್ರಯ್ಯ ತಾನೇ ಸುತ್ತಿಗೆ ಎತ್ತಿ ಆರು ಸಲ ಬಾರಿಸಿದ. ಅಡಿಗೆಮನೆಯ ಮೇಲೆ ಹೊಗೆ ಎದ್ದಿತು. ಅರಸರು ಗೋಪುರದ ಮೆಟ್ಟಿಲ ಮೇಲೇ ಕುಸಿದು ಕೂತರು.

"ನಾಳೆಯಿಂದ ಐದಕ್ಕೇ ಬಾರಿಸಿಬಿಡು!"

ಸಿಂಗ್ರಯ್ಯ ತಾಟನ್ನು ಮಡಚಿ ಹಾಸಿಕೊಂಡು, ನಿರಾಳವಾಗಿ ಅದರ ಮೇಲೆ ಕೂತ.

"ಬೇಡಿ ಬುದ್ಧಿ, ಆರೇ ಇರಲಿ. ತಮ್ಮ ನಿದ್ದೆ ಕೆಡಿಸೋಕೆ ನನಗೆ ಮನಸ್ಸು ಬರಲ್ಲ."