ಮೂಲೆಯ ಕೆಂಪು ಚೌಕ

ಔಷಧದ ಡಬ್ಬಿಯೊಂದರ ಮೇಲೆ ಬಣ್ಣದ ಚೌಕಗಳ ಬಾರ್‌ಕೋಡ್ ಇತ್ತು. ಅದರ ನಡುವಿನ ಕೆಂಪು ಚೌಕಕ್ಕೆ, ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಇನ್ನೊಂದು ಕೆಂಪು ಚೌಕವನ್ನು ಕಂಡರಾಗುತ್ತಿರಲಿಲ್ಲ.

"ನಾವೆಲ್ಲ ಔಷಧದ ಹೆಸರು ಹೊತ್ತಿದ್ದೇವೆ. ನೀನೇನು ಹೊತ್ತಿದ್ದೀಯ?"

"ಏನೂ ಇಲ್ಲ. ಕೆಂಪೆಂದರೆ ಹೀಗಿರುತ್ತದೆ ಎಂದು ನಮ್ಮನ್ನು ಓದುವ ಕ್ಯಾಮೆರಾಗೆ ತೋರಿಸುತ್ತೇನೆ, ಅಷ್ಟೆ."

"ಕೂಳಿಗೆ ದಂಡ, ಭೂಮಿಗೆ ಭಾರ! ಜಾಗ ಬಿಡು."

ಜಗಳವೇಕೆಂದು ಮೂಲೆಯ ಚೌಕ ಅಂಟು ಬಿಟ್ಟು ಉದುರಿತು.

ಆಸ್ಪತ್ರೆಯ ಹಳದಿ ದೀಪದಡಿ ಕ್ಯಾಮೆರಾ ನಡುವಿನ ಚೌಕವನ್ನು ಬಗ್ಗಿ ನೋಡಿತು. "ನೀನು ಕಿತ್ತಳೆಯೋ, ಕೆಂಪೋ?"

"ಕೆಂಪು! ದೇವರಾಣೆ ಕೆಂಪು!"

"ಈ ಬೆಳಕಿನಲ್ಲಿ ಕಿತ್ತಳೆಯೂ ಹಾಗೇ ಹೇಳುತ್ತದೆ. ನಿನಗೆ ಸಾಕ್ಷಿ ಯಾರು?"

ಕೆಂಪು ಚೌಕ ಖಾಲಿ ಮೂಲೆಯತ್ತ ತಿರುಗಿತು.

ಗುರುತು ಸಿಗದ ಡಬ್ಬಿ, ಒಳಗಿನ ಒಳ್ಳೆಯ ಔಷಧದ ಸಮೇತ ಕಸದ ಬುಟ್ಟಿಗೆ ಬಿತ್ತು. ಅಲ್ಲಿ ಮೊದಲೇ ಬಿದ್ದಿದ್ದ ಮೂಲೆಯ ಚೌಕ ಸರಿದು ಅದಕ್ಕೆ ಜಾಗ ಬಿಟ್ಟಿತು.