ದೂರು ತಂದ ಆಮೆ

ಕಾಡಿನ ಸಮಾನತಾ ಕಚೇರಿಯ ಲೆಕ್ಕ ತಪಾಸಣೆಗೆ ಕೊಕ್ಕರೆ ಬಂತು. ಖರ್ಚಿಗೆಲ್ಲ ರಸೀದಿ ಇತ್ತು, ಆದರೆ ಒಂದು ಸ್ಟೂಲು ಕಡಿಮೆ ಬಿತ್ತು.

ನಿಧಾನ ನಡೆಯುವವರನ್ನು ಕೆರೆಗೆ ಬಿಡುತ್ತಿಲ್ಲವೆಂದು ದೂರು ಕೊಟ್ಟ ಆಮೆ, ಬಾಗಿಲಲ್ಲೇ ಬಾಯಾರಿ ಕಾಯುತ್ತಿತ್ತು. ಅಧಿಕಾರಿ ನರಿ ಅದನ್ನೇ ತೋರಿಸಿ, "ಸ್ಟೂಲು ಅಲ್ಲಿದೆ, ಸ್ವಾಮಿ" ಎಂದಿತು.

ಕೊಕ್ಕರೆ ಆಮೆಯ ಚಿಪ್ಪಿನ ಮೇಲೆ ಬಿಳಿ ಬಣ್ಣದಲ್ಲಿ ಸ್ಟೂಲಿನ ನಂಬರು ಬರೆಯತೊಡಗಿತು.

"ಸ್ವಾಮಿ, ನಾನು ಸ್ಟೂಲಲ್ಲ, ದೂರುದಾರ!" ಎಂದು ಆಮೆ ಕೂಗಿತು.

"ದೂರುಗಳೆಲ್ಲ ಇತ್ಯರ್ಥವಾಗಿವೆಯೆಂದು ಕಚೇರಿ ಬರೆದುಕೊಟ್ಟಿದೆ. ನೀನು ದೂರುದಾರನಾದರೆ ಅದೂ ಸುಳ್ಳಾಗುತ್ತದೆ, ಸ್ಟೂಲೂ ಸಿಗುವುದಿಲ್ಲ. ಅಲುಗಾಡಬೇಡ, ಬಣ್ಣ ಹಸಿಯಿದೆ" ಎಂದಿತು ಕೊಕ್ಕರೆ.

ಮರುದಿನ ಬಸವನಹುಳು ಅದೇ ದೂರು ಹೊತ್ತು ಬಂತು. ನರಿ ಬಲು ವಿನಯದಿಂದ ಆಮೆಯನ್ನು ತೋರಿಸಿ ಹೇಳಿತು: "ಕೂತಿರಿ, ಕರೆಯುತ್ತೇವೆ."