ಹೆಪ್ಪಿಗೆ ಎತ್ತಿಟ್ಟ ಅಪ್‌ಡೇಟು

ಕ್ಯಾನು ಕೆಳಗಿಡ್ರಪ್ಪ, ಕೈ ನೋಯಿಸ್ಕೋಬೇಡಿ. ಡೈರಿ ಕಂಪ್ಯೂಟರ್ ಇನ್ನೂ ಅಪ್‌ಡೇಟ್ ಆಗ್ತಾ ಇದೆಯಂತೆ. ಆಗಲಿ. ಅದು ಮುಗಿಯೋದ್ರೊಳಗೆ ನಂದೊಂದು ಕತೆ ಮುಗಿದಿರುತ್ತೆ.

ಈ ಊರಿಗೆ ಮೊಟ್ಟಮೊದಲ ಕಂಪ್ಯೂಟರ್ ತಂದವನು ಯಾರು ಗೊತ್ತೇನು? ನಾನು! ಪೇಟೆಯಿಂದ ತಲೆ ಮೇಲೆ ಹೊತ್ತು, ತುಂಬಿದ ಹಳ್ಳದಲ್ಲಿ ಕುತ್ತಿಗೆಮಟ್ಟ ಇಳಿದು ತಂದೆ. ಆಗ ಟಾರು ರೋಡಿಲ್ಲ. ಕರೆಂಟಿನ ಕಂಬ ಅನ್ನೋದನ್ನ ಈ ಊರು ಕಂಡೇ ಇರಲಿಲ್ಲ. ದಡದಲ್ಲಿ ನಿಂತು ನೋಡಿದವರು ಬೇಕಾದಷ್ಟು ಜನ ಇದ್ರು. ಎಲ್ಲಾ ಮಣ್ಣಾದ್ರು. ಈಗ ಕೇಳೋದಾದ್ರೆ ನನ್ನೇ ಕೇಳ್ಬೇಕು.

ಆಗ ಡೈರಿ ನಡೆಸ್ತಿದ್ದೋಳು ಪಾಲಕ್ಕ. ಆಕೆಗೆ ಒಬ್ಬನೇ ಮಗ, ಓಬಣ್ಣ. ಹೇಳಿದ್ದು ಮಾಡ್ತಿದ್ದ. ಹೇಳಿದ್ದಷ್ಟನ್ನೇ ಮಾಡ್ತಿದ್ದ. "ನಾಯಿ ಬಂದ್ರೆ ಬಾಗಿಲು ಹಾಕೋ" ಅಂದಿದ್ಲು. ನಾಯಿ ಬಂತು, ಒಳಗೆ ಹೋಯ್ತು, ಆಮೇಲೆ ಬಾಗಿಲು ಹಾಕಿ ಇವನು ಹೊರಗೆ ಕಾವಲು ನಿಂತ!

"ದೇವರೇ, ಇವನಿಗೆ ಹೊಟ್ಟೆ ಕೊಟ್ಟೆ, ರಟ್ಟೆ ಕೊಟ್ಟೆ, ಬುದ್ಧಿ ಕೊಡೋ ಹೊತ್ತಿಗೆ ಎಲ್ಲಿಗೆ ಎದ್ದುಹೋದೆ?" ಅಂತ ಪಾಲಕ್ಕ ಹಣೆ ಚಚ್ಕೊಂಡ್ಲು.

ಇರಲಿ. ಹಾಲು ಅಳೆದು, ಜಿಡ್ಡೆಷ್ಟು ಅಂತ ಫ್ಯಾಟು ನೋಡಿ, ಚೀಟಿ ಕೊಡೋ ಆ ಕಂಪ್ಯೂಟರ್ ಇತ್ತಲ್ಲ, ಅದು ಆಗಾಗ ಮಲಗಿಬಿಡೋದು. ಪೇಟೆಯ ರಿಪೇರಿ ಅಂಗಡಿ ಜಬೀವುಲ್ಲಾ ಸಾಬ್ರು ಬಂದು, ಒಳಗಿರೋದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿ ಹೋಗೋರು. ಆಮೇಲೆ ಶುರುವಾಗೋದು ಅಪ್‌ಡೇಟು! ನಮ್ಮೂರ ಸಿಗ್ನಲ್ಲಿಗೆ ಅದು ಇಳಿಯೋದಂದ್ರೆ, ಗಬ್ಬದ ಎಮ್ಮೆ ಈದು, ಕರು ಎದ್ದು ಓಡಾಡಿದ್ರೂ ಮುಗೀತಿರಲಿಲ್ಲ. ಅಲ್ಲೀತನಕ ಫ್ಯಾಟು ಕೈಲಿ ಬರೆಯೋದು. "ನನ್ನೆಮ್ಮೆಗೆ ಕಮ್ಮಿ ಬರೆದೆ! ಅವಳೆಮ್ಮೆಗೆ ಜಾಸ್ತಿ ಬರೆದೆ!" ಜಗಳವೋ ಜಗಳ.

ಒಂದಿನ ಹಾಲು ಒಕ್ಕೂಟದ ಸೂಪರ್‌ವೈಸರ್ ಜೀಪಲ್ಲಿ ಬಂದು ಹೇಳಿಬಿಟ್ಟ. "ಪಾಲಮ್ಮ, ಸೋಮವಾರ ಬೆಳಗ್ಗೆ ಕಂಪ್ಯೂಟರ್ ಚೀಟಿ ಬರಲಿಲ್ಲ ಅಂದ್ರೆ ಈ ಡೈರಿ ಮುಚ್ತು ಅಂತ್ಲೇ ತಿಳ್ಕೊಳ್ಳಿ. ನಿಮ್ಮೂರ ಹಾಲೆಲ್ಲ ಪಕ್ಕದೂರಿಗೆ ಹೊತ್ಕೊಂಡು ಹೋಗಿ ಹಾಕಿ."

ಪಾಲಕ್ಕ ಸಾಬ್ರನ್ನ ಕರೆಸಿದ್ಲು. ಕಷ್ಟ ಹೇಳ್ಕೊಂಡ್ಲು.

"ಪ್ರತಿ ಸಲ ಯಾಕೆ ಹೊಸದಾಗಿ ಇಳಿಸ್ತೀರ ಪಾಲಕ್ಕ?" ಅಂದ್ರು ಸಾಬ್ರು. "ನನ್ನಂಗಡೀಲಿ ಒಂದೇ ಸಲ ಇಳಿಸಿ ಪೆನ್ ಡ್ರೈವಿಗೆ ಹಾಕಿಕೊಡ್ತೀನಿ. ಎತ್ತಿಟ್ಕೊಳ್ಳಿ. ಮತ್ತೆ ಕಂಪ್ಯೂಟರ್ ಅಳಿಸಿ ಹಾಕಿದಾಗೆಲ್ಲ ಅದರಿಂದ್ಲೇ ತುಂಬಿಸಿದ್ರಾಯ್ತು."

ಪಾಲಕ್ಕನಿಗೆ ಜೀವ ಬಂತು. "ಲೇ ಓಬಣ್ಣ, ಪೇಟೆಗೆ ಹೋಗಿ ಅಪ್‌ಡೇಟು ತಗೊಂಡ್ಬಾ!"

"ಯಾತರಲ್ಲಿ ತರಲವ್ವ?"

"ಯಾತರಲ್ಲಾದ್ರೂ ತಾರೋ!"

ಓಬಣ್ಣ ಹಾಲಿನ ಕ್ಯಾನು ತಗೊಂಡು ಹೋದ. ಸಾಬ್ರು ಹೆಬ್ಬೆರಳಷ್ಟು ಗಾತ್ರದ ಪೆನ್ ಡ್ರೈವ್ ಕೊಟ್ರು. ಕ್ಯಾನಿಗೆ ಹಾಕ್ಕೊಂಡ, ಗಲಗಲ ಅನ್ನಿಸ್ಕೊಂಡು ಬಂದ. ಊರ ಹತ್ರ ಬೋರ್‌ವೆಲ್ ಕಂಡಾಗ ಅವ್ವನ ಮಾತು ನೆನಪಾಯ್ತು. ಕ್ಯಾನು ತೊಳೀದೆ ಹೊಸಿಲು ದಾಟಬೇಡ ಅಂತ ದಿನಾ ಹೇಳ್ತಿದ್ಲಲ್ಲ! ನಾರು ಹಾಕಿ ಉಜ್ಜಿದ, ನೀರು ತುಂಬಿ ಕುಲುಕಿದ, ಚರಂಡಿಗೆ ಸುರಿದ.

"ಎಲ್ಲೋ ಅಪ್‌ಡೇಟು?"

"ಕ್ಯಾನಲ್ಲಿತ್ತವ್ವ."

"ಈಗ?"

"ಈಗ ಕ್ಯಾನು ಹೆಂಗೆ ಫಳಫಳ ಅಂತಿದೆ ನೋಡವ್ವ!"

"ಅಯ್ಯೋ ಪೆದ್ದು ಮುಂಡೇದೇ! ಅಂಥಾದ್ದನ್ನ ಒಣಬಟ್ಟೇಲಿ ಸುತ್ತಿ, ಅಂಗಿಯೊಳಗೆ ಎದೆಗೆ ಅವಚಿಕೊಂಡು ತರಬೇಕು ಕಣೋ!"

"ಹಂಗೇ ಮಾಡ್ತೀನವ್ವ!"

ಮಾರನೇ ದಿನ ಮತ್ತೆ ಪೇಟೆಗೆ ಕಳಿಸಿದ್ಲು. ಸಾಬ್ರನ್ನ ಬರಿಗೈಲಿ ಕೇಳೋದು ಹೆಂಗೆ ಅಂತ ಒಂದು ದೊಡ್ಡ ಬೆಣ್ಣೆ ಉಂಡೆ ಕೊಟ್ಟು ಕಳಿಸಿದ್ಲು. ಓಬಣ್ಣ ಬೆಣ್ಣೇನ ಒಣಬಟ್ಟೇಲಿ ಸುತ್ತಿದ, ಅಂಗಿಯೊಳಗೆ ಎದೆಗೆ ಅವಚಿಕೊಂಡ, ಸುಡು ಬಿಸಿಲಲ್ಲಿ ನಡೆದ. ಅಂಗಡಿ ಮುಟ್ಟೋ ಹೊತ್ತಿಗೆ ಬೆಣ್ಣೆ ಮೊಣಕಾಲು ದಾಟಿ ಹಿಮ್ಮಡಿಗೆ ಇಳಿದಿತ್ತು. ಹಿಂದಿನಿಂದ ನಾಯಿಗಳು ನೆಕ್ಕಿಕೊಂಡು ಬರ್ತಿದ್ವು.

"ಯಾ ಅಲ್ಲಾ!" ಅಂದ್ರು ಸಾಬ್ರು. "ಇಂಥಾದ್ದನ್ನ ಚೆಂಬಿನ ತಣ್ಣೀರಲ್ಲಿ ಮುಳುಗಿಸಿ, ಮೇಲೆ ಎಲೆ ಮುಚ್ಚಿ ತರಬೇಕು ಕಣಪ್ಪ!"

"ಹಂಗೇ ಮಾಡ್ತೀನಿ ಸಾಬ್ರೇ!"

ಪಾಪ, ಸಾಬ್ರು ಇನ್ನೊಂದು ಪೆನ್ ಡ್ರೈವ್ ಕೊಟ್ರು. ಓಬಣ್ಣ ಪಕ್ಕದ ಹೋಟೆಲಲ್ಲಿ ಚೆಂಬು ಇಸ್ಕೊಂಡ, ತಣ್ಣೀರು ತುಂಬಿದ, ಪೆನ್ ಡ್ರೈವ್ ಮುಳುಗಿಸಿದ, ಮೇಲೆ ಬಾಳೆಲೆ ಮುಚ್ಚಿದ. ಮನೆಗೆ ಬಂದವನ ಮುಖ ನೋಡಬೇಕಿತ್ತು, ಮದುವೆ ಗಂಡಿನ ಕಳೆ!

"ಒಂದು ಹನಿ ಚೆಲ್ಲಿಲ್ಲ ನೋಡವ್ವ!"

ಪಾಲಕ್ಕ ಎಲೆ ಎತ್ತಿ ನೋಡಿದ್ಲು. "ಒಣಬಟ್ಟೇಲಿ ತಾ ಅಂದಿದ್ನಲ್ಲೋ!"

"ಅದು ನಿನ್ನೆ ಹೇಳಿದ್ದವ್ವ. ಇವತ್ತು ಸಾಬ್ರು ಹೊಸದು ಹೇಳಿದ್ರು. ನಿಂದು ಅಳಿಸಿ ಅವರದ್ದು ಹಾಕ್ಕೊಂಡೆ."

ಪಾಲಕ್ಕನಿಗೆ ಅಳು ಬರ್ತಿತ್ತು, ನಗು ಬಂತು. "ನೀನೂ ಆ ಕಂಪ್ಯೂಟರೂ ಒಂದೇ ಕಣೋ! ಹೊಸದು ಬಂತು ಅಂತ ಹಳೇದನ್ನ ಚೆಲ್ತಾರೇನೋ? ಹೆಪ್ಪು ಹೆಂಗೆ ಎತ್ತಿಡ್ತೀವಿ? ನಿನ್ನೆ ಮೊಸರಲ್ಲಿ ಒಂದು ಚಮಚ ಎತ್ತಿಟ್ಟು ಇವತ್ತು ಬೆಚ್ಚಗಿನ ಹಾಲಿಗೆ ಹಾಕಿದ್ರೆ, ಬೆಳಗಾಗೋದ್ರೊಳಗೆ ಗಡಿಗೆ ತುಂಬಾ ಮೊಸರು! ಹಂಗೆ ಎತ್ತಿಟ್ಕೋಬೇಕು!"

"ಹಂಗೇ ಮಾಡ್ತೀನವ್ವ!"

ಭಾನುವಾರ ಪಾಲಕ್ಕ ತಾನೇ ಪೇಟೆಗೆ ಹೋದ್ಲು. ಮತ್ತೊಂದು ಪೆನ್ ಡ್ರೈವ್ ಸೊಂಟಕ್ಕೆ ಸಿಕ್ಕಿಸ್ಕೊಂಡು, ಸಾಬ್ರನ್ನೂ ಜೊತೇಲೇ ಕರ್ಕೊಂಡು ಬಂದ್ಲು. ಸಾಬ್ರು ಅಳಿಸಿದ್ರು, ಹೊಸದು ಹಾಕಿದ್ರು, ಪೆನ್ ಡ್ರೈವ್ ಚುಚ್ಚಿದ್ರು. ಹೊತ್ತು ಮುಳುಗೋ ಮುಂಚೆ ಕಂಪ್ಯೂಟರ್ ಕಣ್ಣು ಬಿಡ್ತು! ಸೋಮವಾರ ಸೂಪರ್‌ವೈಸರ್ ಎದುರಿಗೆ ಚೀಟಿ ಕಿರ್ರ್ ಅಂತ ಬಂತು. ಅವನು ಬೈಯೋಕೆ ಅಂತ ತೆರೆದ ಬಾಯಿಗೆ ಮಜ್ಜಿಗೆ ಹುಯ್ಕೊಂಡು ಹೋದ. ಡೈರಿ ಉಳೀತು!

ಪಾಲಕ್ಕನಿಗೆ ಸಂತೋಷ ತಡೆಯೋಕಾಗಲಿಲ್ಲ. ಮಗನ ಕೈಗೇ ಪೆನ್ ಡ್ರೈವ್ ಕೊಟ್ಲು. "ತಗೋ ಮಗನೇ. ನಮ್ಮ ಡೈರಿ ಉಸಿರು ಇದರಲ್ಲಿದೆ. ಮುಂದಿನ ಸಲಕ್ಕೆ ಬೇಕು. ಹೆಪ್ಪು ಎತ್ತಿಟ್ಟಂಗೆ ಜೋಪಾನವಾಗಿ ಎತ್ತಿಡು."

"ಹಂಗೇ ಮಾಡ್ತೀನವ್ವ!"

ಬೆಳಗ್ಗೆ ಎದ್ದು ನೋಡ್ತಾಳೆ, ಮೊಸರ ಗಡಿಗೆ ಬಾಯಿಂದ ಪೆನ್ ಡ್ರೈವಿನ ದಾರ ನೇತಾಡ್ತಾ ಇದೆ!

"ಓಬಣ್ಣಾ!"

"ಮುಟ್ಟಬೇಡವ್ವ, ಅಲುಗಾಡಿಸಬೇಡ! ಹೆಪ್ಪುಗಟ್ತಾ ಇದೆ! ಪಕ್ಕದೂರ ಡೈರಿ ಕಂಪ್ಯೂಟರೂ ಮಲಗಿದೆಯಂತೆ, ಅವರಿಗೂ ಒಂದು ಕೊಡೋಣ. ಬೆಚ್ಚಗಿನ ಹಾಲಿಗೆ ಒಂದು ಹಾಕಿದೀನಿ, ಗಡಿಗೆ ತುಂಬಾ ಆಗುತ್ತೆ!"

ಪಾಲಕ್ಕ ಹೊಡೆಯೋಕೆ ಅಂತ ಸೌಟು ಎತ್ತಿದ್ಲು. ಕೊನೇ ಪಕ್ಷ ಹಾಳಾದ್ದನ್ನ ಎತ್ತೋಣ ಅಂತ ಗಡಿಗೆಗೆ ಅದ್ದಿದ್ಲು. ಟಣ್ ಅಂತು. ಒಂದು ಬಂತು. ಮತ್ತೆ ಅದ್ದಿದ್ಲು. ಟಣ್! ಇನ್ನೊಂದು. ಟಣ್! ಮತ್ತೊಂದು. ನಾನೇ ಪಕ್ಕದಲ್ಲಿ ನಿಂತಿದ್ದೆ, ಈ ಕಣ್ಣಾರೆ ನೋಡಿದೆ. ಗಡಿಗೆ ತುಂಬಾ ಪೆನ್ ಡ್ರೈವು, ಒಂದೊಂದರ ಮೇಲೂ ಬೆರಳು ದಪ್ಪ ಕೆನೆ!

ಏನಮ್ಮ ಮಾರಕ್ಕ, ನಗ್ತೀಯ? ಗಡಿಗೆ ತುಂಬಾ ಇದ್ರೆ ಇವತ್ಯಾಕೆ ಹಾಲು ಹಿಡ್ಕೊಂಡು ಕಾಯ್ತಾ ಇದೀವಿ ಅಂತೀಯ? ಹೆಪ್ಪು ಕೇಳಿದವರಿಗೆ ಇಲ್ಲ ಅನ್ನೋಕಾಗುತ್ತೇನಮ್ಮ? ಊರೂರಿಂದ ಬಟ್ಟಲು ಹಿಡ್ಕೊಂಡು ಬಂದ್ರು. ಕೊಟ್ಟು ಕೊಟ್ಟು ಗಡಿಗೆ ಬರಿದಾಯ್ತು.

ಆಂ? ಏನಂದೆ? ಕರೆಂಟಿನ ಕಂಬವೇ ಇರಲಿಲ್ಲ ಅಂದೆ, ಆ ಕಂಪ್ಯೂಟರ್ ಯಾತರಲ್ಲಿ ಓಡ್ತಿತ್ತು ಅಂತೀಯ?

ಓಡ್ತಿತ್ತಲ್ಲಮ್ಮ! ಅದಕ್ಕೆ ನಾನೇನು ಮಾಡ್ಲಿ? ಕ್ಯಾನು ಎತ್ಕೋ, ಒಳಗೆ ಚೀಟಿ ಸದ್ದಾಯ್ತು.